ಒಂದು ಎತ್ವ

ಗುತ್ತಲು ರಸ್ತೆಯಲ್ಲಿ ನಮ್ಮ ಫ್ಲೆಕ್ಸ್ ಅಂಗಡಿ.
ಬೋರ್ಡಿನ ಮೇಲೆ ‘ಮಲ್ಲರಾಜು ಅಂಡ್ ಸನ್ಸ್’.
ಅಪ್ಪನಿಗೆ ಗಂಡುಮಕ್ಕಳಿಲ್ಲ,
ಬೋರ್ಡಿನಲ್ಲಿ ಮಾತ್ರ ಇದ್ದಾರೆ.
ಮಿಷನ್ನು ನಡೆಸುವವಳು ನಾನು.

ಮೀಸಲಾತಿ ಪಟ್ಟಿ ಬಂದ ಸಂಜೆ
ದೊಡ್ಡಮನೆ ಕಡೆಯ ಹುಡುಗ ಓಡಿಬಂದ:
‘ಓಗ್ಬುಡ್ತು ಕಣಕ್ಕ ಕ್ಷೇತ್ರ, ಲೇಡೀಸ್‌ಗೆ.’
ಮನೆಯಲ್ಲಿ ಯಾರೋ ತೀರಿಕೊಂಡ ದನಿ.
ಇಪ್ಪತ್ತು ಹತ್ತರ ಫ್ಲೆಕ್ಸು, ಬೆಳಗಾಗುವುದರೊಳಗೆ.

ಮೇಲೆ ದುಂಡು ಚೌಕಟ್ಟಿನಲ್ಲಿ ತಾತ,
ತಾಲ್ಲೂಕು ಬೋರ್ಡಿನ ಕಾಲದವರು, ಹಾರ ಬಿದ್ದಿದೆ.
ಕೆಳಗೆ ಮಾವ, ಮಾಜಿ ಶಾಸಕರು, ಕೈಮುಗಿದು, ಆಳುದ್ದ.
ಪಕ್ಕದಲ್ಲಿ ಮಗ, ತಂಪು ಕನ್ನಡಕ, ಯುವ ನಾಯಕ,
ವಯಸ್ಸು ನಲವತ್ತಾರು.
ಬಲಗಡೆ ಮೂಲೆಯಲ್ಲಿ
ಮಿಕ್ಕ ಜಾಗಕ್ಕೆ ಅಭ್ಯರ್ಥಿ.

‘ಇರೋದು ಇದೊಂದೇ’ ಎಂದು ಕಳಿಸಿದ ಫೋಟೋ
ಯಾರದೋ ಬೀಗರೂಟದ್ದು.
ಹೆಗಲ ಮೇಲೆ ಗಂಡನ ಕೈ.
ಗಂಡನನ್ನು ಕತ್ತರಿಸಿದೆ, ಕೈಯನ್ನೂ ಕತ್ತರಿಸಿದೆ,
ಎರಡು ಬೆರಳು ಮಾತ್ರ ಬಿಡಲಿಲ್ಲ.
ಅಳಿಸಿದಷ್ಟೂ ಸೀರೆಯ ಜರಿ ಹೋಗಿ
ಹೆಗಲೇ ತೂತಾಗುತ್ತಿತ್ತು.
ರಾತ್ರಿ ಎರಡು ಗಂಟೆ. ಹಾಗೇ ಬಿಟ್ಟೆ.
ಅಷ್ಟು ಹತ್ತಿರ ಬಂದು ಯಾರು ನೋಡುತ್ತಾರೆ?

ಹೆಸರು ಕೇಳಲು ಫೋನು ಮಾಡಿದರೆ
ಹುಡುಗ ಗಳಿಗೆ ಹೊತ್ತು ಯೋಚಿಸಿ
‘ಸೊಸೆ ಅಂತ ಆಕಿರಿ, ಎಸರು ಕೇಳ್ಕಂಡು ಯೋಳ್ತೀನಿ’ ಅಂದ.

ನಳಿನಾಕ್ಷಿ ಅಂತೆ.

ಗೆದ್ದರು.
ಅದೇ ಫೈಲಿನಲ್ಲಿ ‘ಮತ ನೀಡಿ’ ಅಳಿಸಿ ‘ಧನ್ಯವಾದಗಳು’.
ಬೆರಳು ಅಲ್ಲೇ.
ಅಧ್ಯಕ್ಷಗಿರಿಯೂ ಅವರಿಗೇ ಬಂದಾಗ
ರಬ್ಬರ್ ಸೀಲಿಗೆ ಹೇಳಿಕಳಿಸಿದರು:
‘ಅಧ್ಯಕ್ಷರು’ ಎಂದಿರಲಿ,
ಮುಂದೆ ಯಾರು ಕೂತರೂ ನಡೆಯುತ್ತದೆ.
ಸೀಲು ಯುವ ನಾಯಕರ ಬಿಳಿ ಜೇಬಿಗೆ ಹೋಯಿತು.
ಆಮೇಲೆ ಅವರು ಬ್ಯಾನರಿಗೆ ಬಂದಾಗಲೆಲ್ಲ
ಜೇಬಿನ ತಳದಲ್ಲಿ ನೇರಳೆ ಕಲೆ ಕಾಣುತ್ತಿತ್ತು,
ಪೆನ್ನು ಸೋರಿದೆ ಅನ್ನುತ್ತಿದ್ದರು.

ಆಷಾಢದ ಒಂದು ಮಧ್ಯಾಹ್ನ
ಸ್ಕೂಟಿ ನಿಲ್ಲಿಸಿ ಒಬ್ಬರು ಒಳಗೆ ಬಂದರು.
ಹೆಲ್ಮೆಟ್ ತೆಗೆದರೂ ಗುರುತು ಸಿಗಲಿಲ್ಲ,
ಐವತ್ತು ಸಲ ನಾನೇ ಮುದ್ರಿಸಿದ ಮುಖ.
ಕುಳ್ಳಗಿದ್ದಾರೆ. ಫ್ಲೆಕ್ಸಿನಲ್ಲಿ ಅದು ಗೊತ್ತಾಗುವುದಿಲ್ಲ.
‘ನನ್ನ ಭುಜದ ಮೇಲೆ ಏನದು?’
ನೆಲ ನೋಡಿದೆ.
‘ಸೊಪ್ಪಿನವಳು ತೋರಿಸಿದ್ಲು.
ನಮ್ಮನೇಲಿ ಇನ್ನೂ ಯಾರೂ ನೋಡಿಲ್ಲ.’
ನಕ್ಕಿದ್ದು ಅವರೇ ಮೊದಲು.

ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು.
ಅಂಗನವಾಡಿಯ ಕಾಂಪೌಂಡಿಗೆ ಮೂರು ಲಕ್ಷ.
ಹೋಗಿ ನೋಡಿದರೆ ಕಾಂಪೌಂಡೂ ಇಲ್ಲ,
ಅಂಗನವಾಡಿ ಇರುವುದು ಮಾರಮ್ಮನ ಗುಡಿ ಜಗಲಿಯಲ್ಲಿ.
ಕೆಳಗೆ ಅವರ ಹೆಸರು, ನೇರಳೆ ಸೀಲು.
‘ಇನ್ನೊಂದು ಮಾಡ್ಕೊಡು. ಅದೇ ಅಳತೆ, ಅದೇ ಅಕ್ಷರ.
ಅಧ್ಯಕ್ಷರು ಬೇಡ.
ಅಧ್ಯಕ್ಷೆ.
ನಾನು ಓದಿ ಒತ್ತಿದ್ದು ಯಾವುದು ಅಂತ
ನನಗಾದ್ರೂ ಗೊತ್ತಾಗ್ಬೇಕು.’

ಎಷ್ಟು ಸಣ್ಣ ಕೆಲಸ.
‘ರು’ ಕಿತ್ತು ಹಾಕಿ
ಕ್ಷ-ದ ತಲೆಯ ಮೇಲೆ ಒಂದು ಎತ್ವ.
ಒಂದನೇ ಕ್ಲಾಸಿನಲ್ಲಿ ಹಾಕಲು ಮರೆತು
ಗೆಣ್ಣಿನ ಮೇಲೆ ಏಟು ತಿಂದದ್ದು ಅದಕ್ಕೇ.
ಸೀಲು ಅಂದರೆ ರಬ್ಬರು, ಯಾವ ಜೇಬಿಗಾದರೂ ಹಿಡಿಯುತ್ತದೆ,
ಇದೂ ಒಂದು ದಿನ ಹೋಗಬಹುದು.
ಹೇಳಲಿಲ್ಲ. ಅವರಿಗೆ ಗೊತ್ತಿರದ್ದೇನಲ್ಲ.

ಹಿಡಿಗೆ ಅಂಟಿಸಿ ಕೊಟ್ಟೆ.
ಕೈಗೆ ಸಿಕ್ಕ ನಮ್ಮ ಬಿಲ್ಲಿನ ಮೇಲೇ ಒತ್ತಿ ನೋಡಿದರು.
‘ಅಂಡ್ ಸನ್ಸ್’ ಅರ್ಧ ಮುಚ್ಚಿತು.
ಶಾಯಿ ಆರಲೆಂದು ಊದುತ್ತಾ
‘ಈ ಸನ್ಸು ಯಾರು?’ ಅಂದರು.

ಇನ್ನೂರು ಕೊಟ್ಟರು. ನೂರ ಎಂಬತ್ತು ನಮ್ಮ ರೇಟು.
ಚಿಲ್ಲರೆ ಇರಲಿ ಬಿಡು ಎಂದವರಿಗೆ
ಇಪ್ಪತ್ತರ ನೋಟು, ರಸೀದಿ ಎರಡೂ ಕೊಟ್ಟೆ.
ರಸೀದಿಯಲ್ಲಿ ಯಾಕೋ ಅವತ್ತು
ಅಪ್ಪನ ಸಹಿ ಹಾಕಲಿಲ್ಲ.